ತಿರುಗುವ ಹೊತ್ತನ್ನು ಮೊದಲೇ ಗೊತ್ತುಮಾಡಿಕೋ

ಚಿ. ಸುಹಾಸನಿಗೆ ಮಾವನ ಆಶೀರ್ವಾದಗಳು.

ಸಂರಕ್ಷಿತ ಕಾಡಿಗೆ ಗೆಳೆಯರ ಜೊತೆ ಹೊರಟಿದ್ದೀಯಂತೆ, ನಿನ್ನಮ್ಮ ಹೇಳಿದಳು. ಬೂಟು, ಬ್ಯಾಗು ನಿನ್ನಿಷ್ಟ. ಹೊಸ ಬೂಟನ್ನು ಮಾತ್ರ ಅವತ್ತೇ ಮೊದಲ ಸಲ ಹಾಕಬೇಡ. ನಾನು ಹೇಳಬೇಕೆಂದಿರುವುದು ಹೊತ್ತಿನ ವಿಚಾರ.

ಫಲಕದಲ್ಲಿ 12 ಕಿ.ಮೀ. ಎಂದು ಓದಿ, ಎರಡೂವರೆ ಗಂಟೆ ಸಾಕು ಅಂದುಕೊಂಡವರೇ ಕತ್ತಲಲ್ಲಿ ಸಿಕ್ಕಿಬೀಳುವುದು. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕವನ್ನು ಚಾರಣಿಗರು ಇಂದಿಗೂ ಬಳಸುತ್ತಾರೆ: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. 12 ಕಿ.ಮೀ. ದಾರಿಯಲ್ಲಿ 600 ಮೀಟರ್ ಏರು ಇದ್ದರೆ ಹತ್ತಿರಹತ್ತಿರ ಮೂರೂವರೆ ಗಂಟೆ. ಅದೂ ನಿಲ್ಲದೆ ನಡೆಯುವ ಗಟ್ಟಿ ಕಾಲಿನವರಿಗೆ. ಊಟ, ಫೋಟೊ, ಬೇರು ಹೆಣೆದ ದಾರಿ ಎಲ್ಲಕ್ಕೂ ಸೇರಿ ಅದರರ್ಧ ಕೂಡಿಸು, ಐದು ಗಂಟೆ ದಾಟುತ್ತದೆ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನದವನ ನಡಿಗೆಯೇ ಅಳತೆ. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ಹೊರಗಿರುವಂತೆ ಹಿಂದಕ್ಕೆ ಎಣಿಸಿ, ತಿರುಗುವ ಹೊತ್ತು ಗೊತ್ತುಮಾಡು. ಆ ಹೊತ್ತಾಯಿತೋ, ತುದಿ ಕಣ್ಣೆದುರಿಗಿದ್ದರೂ ತಿರುಗು. ಮರಗಳಡಿ ಬಯಲಿಗಿಂತ ಬೇಗ ಕತ್ತಲಾಗುತ್ತದೆ, ದಣಿದ ಕಾಲು ಜಾರುವುದೂ ಇಳಿಜಾರಿನಲ್ಲೇ. ನೀರೂ ಇದೇ ಲೆಕ್ಕದಲ್ಲಿ, ಗಂಟೆಗೆ ಅರ್ಧ ಲೀಟರ್. ಸೆಕೆಗೆ ಇನ್ನೂ ಹೆಚ್ಚು.

ನಕ್ಷೆಯನ್ನು ಮನೆಯಲ್ಲೇ ಫೋನಿಗೆ ಇಳಿಸಿಕೋ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ನಡೆಯುತ್ತದೆ, ನಕ್ಷೆ ಮಾತ್ರ ತೆರೆಯುವುದಿಲ್ಲ.

ದಾರಿಯಲ್ಲಿ ಕೆಸರಿದ್ದರೆ ಅದರ ನಡುವೆಯೇ ಹೋಗು. ಬೂಟು ಉಳಿಸಲು ಎಲ್ಲರೂ ಅಂಚಿಗೆ ಸರಿದರೆ ಅಲ್ಲಿನ ಹುಲ್ಲು ಸತ್ತು, ಕೆಸರು ಅಲ್ಲಿಗೂ ಹರಡಿ, ದಾರಿ ವರ್ಷವರ್ಷ ಅಗಲವಾಗುತ್ತದೆ. ಹಳೆಯ ಹಳ್ಳಿಯ ಗಾರೆಯಿಲ್ಲದ ಕಲ್ಲುಗೋಡೆ ಸಿಕ್ಕರೆ ಹತ್ತಬೇಡ. ಎರಡು ಮುಖಗಳ ನಡುವೆ ಸಣ್ಣ ಕಲ್ಲು ತುಂಬಿ, ಮೇಲೆ ಭಾರದ ಕಲ್ಲು ಕೂರಿಸಿರುತ್ತಾರೆ. ಆ ಭಾರದ ಕಲ್ಲು ಒಂದು ಉರುಳಿದರೆ ಗೋಡೆ ಅಲ್ಲಿಂದಲೇ ಸಡಿಲವಾಗುತ್ತದೆ. ಗೇಟು ಹುಡುಕಿ ದಾಟು. ತೆರೆದಿದ್ದರೆ ತೆರೆದೇ ಬಿಡು, ಮುಚ್ಚಿದ್ದರೆ ಮುಚ್ಚು.

ಸಂಜೆ ಮಂಡಿಸಂದು, ಕಂಕುಳು, ಸೊಂಟಪಟ್ಟಿಯ ಕೆಳಗೆ ಉಣ್ಣಿ ನೋಡಿಕೋ. ಕಚ್ಚಿದ್ದರೆ ಸಪೂರ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ ನೇರ ಎಳೆ. ಎಣ್ಣೆ ಸವರುವುದು, ಬೆಂಕಿಕಡ್ಡಿ ಮುಟ್ಟಿಸುವುದು ಬೇಡವೇ ಬೇಡ.

ದಾರಿ ತಪ್ಪಿದರೆ ನಿಂತಲ್ಲೇ ನಿಂತು ನಿಮಿಷಕ್ಕೆ ಆರು ಸಲ ಸೀಟಿ ಊದು, ಒಂದು ನಿಮಿಷ ಬಿಟ್ಟು ಮತ್ತೆ ಊದು. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಬರೆದು ಅಮ್ಮನ ಕೈಗೆ ಕೊಡು. ಬಂದಮೇಲೆ ಒಂದು ಫೋನು ಮಾಡು. ಇಲ್ಲದಿದ್ದರೆ ನೀನು ಮನೆಯಲ್ಲಿ ಮಲಗಿರುವಾಗ ಹುಡುಕುವವರು ಕಾಡಿಗೆ ಹೊರಟಿರುತ್ತಾರೆ.

ಇಂತಿ ನಿನ್ನ ಮಾವ