ಗಡ್ಡದ ಓತಿ ಸಾಕಿರುವ ಅಳಿಯನಿಗೆ

ಪ್ರೀತಿಯ ಅಳಿಯನಿಗೆ ನಿನ್ನ ಮಾವನ ಆಶೀರ್ವಾದಗಳು.

ಪತ್ರ ತಲುಪಿತು. ಐದು ತಿಂಗಳ ಬಿಯರ್ಡೆಡ್ ಡ್ರ್ಯಾಗನ್ ಮರಿಯೊಂದು ನಿನ್ನ ಮನೆ ಸೇರಿದೆ ಎಂದು ಓದಿ ಸಂತೋಷಪಟ್ಟೆ. ಕೊನೆಯ ಸಾಲು ಮಾತ್ರ ಕಳವಳ ಹುಟ್ಟಿಸಿತು. ಬೆಳಿಗ್ಗೆ ಬಟ್ಟಲಿಗೆ ಸುರಿದು ಕೆಲಸಕ್ಕೆ ಹೊರಟುಬಿಡಬಹುದಾದ ಒಂದೇ ಆಹಾರ ಇದೆಯೇ ಎಂದು ಕೇಳಿದ್ದೀಯೆ. ಅಂಥದ್ದು ಇಲ್ಲವಪ್ಪ. ಆದರೆ ದಿನಕ್ಕೆ ಅರ್ಧ ಗಂಟೆಯೊಳಗೆ ಎಲ್ಲ ಮುಗಿಯುವಂತೆ ಏರ್ಪಾಡು ಮಾಡಿಕೊಳ್ಳಬಹುದು. ಅದನ್ನು ಹೇಳಲೆಂದೇ ಕುಳಿತು ಬರೆಯುತ್ತಿದ್ದೇನೆ.

ನಾನು ಸಾಕಿದ ಮೊದಲ ಓತಿಗೆ ನಾನೂ ಸುಲಭದ ದಾರಿಯನ್ನೇ ಹುಡುಕಿದ್ದೆ. ಡಬ್ಬಿಯಲ್ಲಿ ಹಾಕಿಟ್ಟರೆ ವಾರಗಟ್ಟಲೆ ಬದುಕಿರುವ ಮೀಲ್‌ವರ್ಮ್ ಹುಳು, ಜೊತೆಗೆ ಒಂದೆರಡು ಲೆಟ್ಯೂಸ್ ಎಲೆ. ಅದು ಆಸೆಯಿಂದ ತಿನ್ನುತ್ತಿತ್ತು, ಹೊಟ್ಟೆ ದುಂಡಗಿತ್ತು, ನಾನು ನಿಶ್ಚಿಂತನಾಗಿದ್ದೆ. ಕೆಲವು ತಿಂಗಳಲ್ಲಿ ಅದರ ಕಾಲ್ಬೆರಳುಗಳು ನಡುಗತೊಡಗಿದವು. ಆಮೇಲೆ ಕೆಳದವಡೆ ಮೆತ್ತಗಾಗಿ ಹುಳುವನ್ನು ಕಚ್ಚಿ ಹಿಡಿಯುವುದೇ ಕಷ್ಟವಾಯಿತು. ಪಶುವೈದ್ಯರು ಎಕ್ಸ್‌ರೇ ತೆಗೆದು, ಮೂಳೆಯಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆಯಾಗಿದೆ ಎಂದರು. ಜೀವ ಉಳಿಯಿತು. ಬಾಗಿದ ಮುಂಗಾಲು ಮಾತ್ರ ಕೊನೆಯವರೆಗೂ ನೆಟ್ಟಗಾಗಲಿಲ್ಲ. ಆ ಕಾಲನ್ನು ಎಳೆದುಕೊಂಡು ಅದು ಕಲ್ಲು ಹತ್ತುವುದನ್ನು ವರ್ಷಗಟ್ಟಲೆ ನೋಡಿದವನು ನಾನು. ನಿನ್ನ ಮರಿಗೆ ಹಾಗಾಗಬಾರದು.

ಕಾರಣ ಏನೆಂದು ತಿಳಿದುಕೋ. ಸಾಕುಪ್ರಾಣಿಗಳಿಗೆಂದು ಸಿಗುವ ಹುಳುಗಳಲ್ಲಿ ಹೆಚ್ಚಿನವುಗಳಲ್ಲಿ ಕ್ಯಾಲ್ಸಿಯಂ ಕಡಿಮೆ, ರಂಜಕ ಹೆಚ್ಚು. ಓತಿಗೆ ಬೇಕಾದದ್ದು ಇದರ ತಿರುವುಮುರುವು: ರಂಜಕಕ್ಕೆ ಎರಡು ಪಾಲಿನಷ್ಟು ಕ್ಯಾಲ್ಸಿಯಂ. ಊಟದಲ್ಲಿ ಸಿಗದಿದ್ದರೆ ದೇಹ ತನ್ನ ಮೂಳೆಯಿಂದಲೇ ಅದನ್ನು ತೆಗೆದುಕೊಳ್ಳುತ್ತದೆ. ಆದ್ದರಿಂದ ಹುಳುಗಳನ್ನು ಒಂದು ಡಬ್ಬಿಗೆ ಹಾಕಿ, ಚಿಟಿಕೆ ಕ್ಯಾಲ್ಸಿಯಂ ಪುಡಿ ಉದುರಿಸಿ, ಮೆಲ್ಲಗೆ ಅಲುಗಾಡಿಸಿ ಕೊಡು. ಬೆಳೆಯುವ ಮರಿಗೆ ದಿನಕ್ಕೊಮ್ಮೆ ಇದು ತಪ್ಪಬಾರದು. ವಿಟಮಿನ್ ಪುಡಿ ವಾರಕ್ಕೊಮ್ಮೆ ಸಾಕು. ಅದು ಹೆಚ್ಚಾದರೂ ಕೆಡುಕೇ.

ಪುಡಿಗಿಂತ ಮೊದಲು ಹುಳುವಿನ ಹೊಟ್ಟೆಯನ್ನು ನೋಡು. ಹಸಿದ ಹುಳು ಬರೀ ಸಿಪ್ಪೆ. ಓತಿಗೆ ಕೊಡುವ ಒಂದು ದಿನ ಮುಂಚಿನಿಂದ ಹುಳುಗಳಿಗೆ ಒಳ್ಳೆಯ ಸೊಪ್ಪು, ಕ್ಯಾರೆಟ್ ತುಂಡು ಹಾಕಿಟ್ಟರೆ ಆ ಸತ್ವವೆಲ್ಲ ಓತಿಯ ಹೊಟ್ಟೆ ಸೇರುತ್ತದೆ. ಯಾವ ಹುಳು ಎಂದು ಕೇಳಿದರೆ, ಡುಬಿಯಾ ಜಿರಳೆಯೇ ಅನುಕೂಲ ಎನ್ನುತ್ತೇನೆ. ವಾಸನೆ ಇಲ್ಲ, ಸದ್ದಿಲ್ಲ, ನುಣುಪಾದ ಡಬ್ಬಿಯ ಗೋಡೆ ಹತ್ತಲಾರದು. ಕ್ರಿಕೆಟ್ ಹುಳುವೂ ಒಳ್ಳೆಯದೇ, ಆದರೆ ರಾತ್ರಿ ಗೂಡಿನಲ್ಲಿ ಉಳಿದರೆ ಮಲಗಿರುವ ಓತಿಯನ್ನೇ ಕಡಿಯುತ್ತದೆ. ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳುವಿನಲ್ಲಿ ಸಹಜವಾಗಿಯೇ ಕ್ಯಾಲ್ಸಿಯಂ ಹೇರಳ. ರೇಷ್ಮೆ ಹುಳುವನ್ನು ನಡುನಡುವೆ ಕೊಟ್ಟರೆ ಉತ್ತಮ. ಮೀಲ್‌ವರ್ಮ್‌ನ ಹೊರಸಿಪ್ಪೆ ಗಡಸು, ಮರಿಗೆ ಜೀರ್ಣವಾಗುವುದು ಕಷ್ಟ. ಮೇಣದ ಹುಳು ಬರೀ ಕೊಬ್ಬು, ಒಮ್ಮೆ ರುಚಿ ಹತ್ತಿದರೆ ಬೇರೇನನ್ನೂ ಮೂಸುವುದಿಲ್ಲ. ಯಾವುದೇ ಆಗಲಿ, ಓತಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು.

ಹೊರಗೆ ಹಿಡಿದ ಹುಳು ಬೇಡವೇ ಬೇಡ. ಅದು ಯಾವ ಕೀಟನಾಶಕ ತಿಂದಿದೆಯೋ ಯಾರಿಗೆ ಗೊತ್ತು? ಮಿಂಚುಹುಳುವಿನ ವಿಷಯದಲ್ಲಂತೂ ಇನ್ನೂ ಎಚ್ಚರ. ಕಿಟಕಿಯಿಂದ ಒಳಬಂದ ಒಂದೇ ಒಂದು ಮಿಂಚುಹುಳು ಈ ಪ್ರಾಣಿಯನ್ನು ಕೊಂದುಬಿಡಬಲ್ಲದು.

ಇನ್ನು ಸೊಪ್ಪು. ಮರಿ ಈಗ ಹುಳುವಿನ ಮೇಲೆಯೇ ಕಣ್ಣಿಟ್ಟಿರುತ್ತದೆ, ಎಲೆಯತ್ತ ತಿರುಗಿಯೂ ನೋಡುವುದಿಲ್ಲ. ಹಾಗೆಂದು ಬಿಟ್ಟುಬಿಡಬೇಡ. ದಿನವೂ ಬೆಳಿಗ್ಗೆ ಹುಳುವಿಗಿಂತ ಮೊದಲು ಸೊಪ್ಪನ್ನೇ ಮುಂದಿಡು. ಈಗ ಮುಕ್ಕಾಲು ಪಾಲು ಹುಳು, ಕಾಲು ಪಾಲು ಸೊಪ್ಪು ಇದ್ದರೆ, ಒಂದು ವರ್ಷ ದಾಟಿ ಬೆಳವಣಿಗೆ ನಿಂತ ಮೇಲೆ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ. ಆಗ ಹುಳು ವಾರಕ್ಕೆ ಎರಡು ಮೂರು ಸಲ ಸಾಕು. ಎಳವೆಯಲ್ಲಿ ಸೊಪ್ಪಿನ ಅಭ್ಯಾಸವಾಗದ ಓತಿ ದೊಡ್ಡದಾದ ಮೇಲೆ ಹಟ ಹಿಡಿಯುತ್ತದೆ, ಮನಸ್ಸು ಕರಗಿ ನಾವು ಹುಳುವನ್ನೇ ಕೊಡುತ್ತೇವೆ, ಅದು ಕೊಬ್ಬಿ ಯಕೃತ್ತು ಕೆಡಿಸಿಕೊಳ್ಳುತ್ತದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೀರಿ ಬದುಕುವ ಜೀವ ಅದು.

ಸಾಸಿವೆ ಸೊಪ್ಪು, ಟರ್ನಿಪ್ ಸೊಪ್ಪು, ದಾಸವಾಳದ ಹೂವು ಮತ್ತು ಎಲೆ, ತುರಿದ ಸಿಹಿಗುಂಬಳ ಇವೆಲ್ಲ ಒಳ್ಳೆಯವು. ಪಾಲಕ್ ಆರೋಗ್ಯಕರವೆಂದು ದಿನವೂ ಹಾಕಬೇಡ. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿಬಿಡುತ್ತದೆ. ಲೆಟ್ಯೂಸ್‌ನಲ್ಲಿ ನೀರಲ್ಲದೆ ಹೆಚ್ಚೇನೂ ಇಲ್ಲ. ಹಣ್ಣು ವಾರಕ್ಕೊಮ್ಮೆ, ಎರಡು ಚೂರು. ಬೆಣ್ಣೆಹಣ್ಣು ವಿಷ, ಅದನ್ನು ಹತ್ತಿರವೂ ತರಬೇಡ.

ನೀನು ಕೇಳಿದ ಅನುಕೂಲಕ್ಕೆ ಬರುತ್ತೇನೆ. ರಜೆಯ ದಿನ ಒಂದು ಗಂಟೆ ಇದಕ್ಕೆಂದು ಎತ್ತಿಡು. ನಾಲ್ಕೈದು ದಿನಕ್ಕಾಗುವಷ್ಟು ಸೊಪ್ಪನ್ನು ತೊಳೆದು, ನೀರು ಆರಿಸಿ, ಸಣ್ಣಗೆ ಹೆಚ್ಚಿ, ಅಡಿಯಲ್ಲಿ ಕಾಗದದ ಟವೆಲ್ ಹಾಸಿದ ಡಬ್ಬಿಯಲ್ಲಿ ತುಂಬಿ ಫ್ರಿಜ್‌ನಲ್ಲಿಡು. ಬೆಳಿಗ್ಗೆ ಒಂದು ಹಿಡಿ ತೆಗೆದು, ಮೇಲೆ ನೀರು ಚಿಮುಕಿಸಿ ಇಟ್ಟರಾಯಿತು. ನಿಂತ ನೀರನ್ನು ಗುರುತಿಸದ ಓತಿಗಳಿಗೆ ಆ ತೇವವೇ ಕುಡಿಯುವ ನೀರು. ಹುಳುಗಳ ಡಬ್ಬಿಯನ್ನು ಅದೇ ದಿನ ಶುಚಿ ಮಾಡು. ಒಣ ಗುಳಿಗೆಯ ಆಹಾರವನ್ನು ನೆನೆಸಿ ಸೊಪ್ಪಿನೊಂದಿಗೆ ಬೆರೆಸಬಹುದು, ಊರಿಗೆ ಹೋದಾಗ ನೋಡಿಕೊಳ್ಳುವವರಿಗೆ ಅದು ಸುಲಭ. ಅದೊಂದನ್ನೇ ನಂಬಬೇಡ.

ಒಂದು ವಿಷಯವನ್ನು ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ. ಗೂಡಿನಲ್ಲಿ ಹಚ್ಚುವ ದೀಪವೂ ಊಟದ ಭಾಗವೇ. ಯುವಿಬಿ ಎಂಬ ನೇರಳಾತೀತ ಕಿರಣ ಚರ್ಮಕ್ಕೆ ಬಿದ್ದರೆ ಮಾತ್ರ ಅದರ ದೇಹ ವಿಟಮಿನ್ ಡಿ3 ತಯಾರಿಸಿಕೊಂಡು, ತಿಂದ ಕ್ಯಾಲ್ಸಿಯಂ ಅನ್ನು ಹೀರಿಕೊಳ್ಳುತ್ತದೆ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲು ಇದಕ್ಕೆ ಪ್ರಯೋಜನವಿಲ್ಲ. ಗಾಜು ಆ ಕಿರಣವನ್ನು ತಡೆಯುತ್ತದೆ. ದೀಪ ಹೊಳೆಯುತ್ತಲೇ ಇದ್ದರೂ ಒಳಗಿನ ಶಕ್ತಿ ಕುಂದುತ್ತದೆ, ತಯಾರಕರು ಹೇಳಿದ ಅವಧಿಗೆ ಬದಲಾಯಿಸು. ಇದರ ಮೂಲ ನೆಲೆ ಆಸ್ಟ್ರೇಲಿಯಾದ ಒಳನಾಡಿನ ಒಣಭೂಮಿ. ಅರಗಿಸಿಕೊಳ್ಳಲು ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿಯ ಕಲ್ಲು ಬೇಕು. ಹಾಗಾಗಿ ದೀಪ ಹಚ್ಚಿ ಒಂದು ಗಂಟೆಯ ನಂತರ ಉಣಿಸು. ಸಂಜೆಯ ಹುಳು ದೀಪ ಆರಿಸುವ ಎರಡು ಗಂಟೆ ಮೊದಲೇ ಮುಗಿದಿರಲಿ.

ಪ್ರತಿ ವಾರ ಒಂದೇ ಹೊತ್ತಿಗೆ ತೂಕ ನೋಡಿ ಪುಸ್ತಕದಲ್ಲಿ ಬರೆದಿಡು. ಮುಟ್ಟಿದ ಮೇಲೆ ಪ್ರತಿ ಸಲವೂ ಸೋಪು ಹಾಕಿ ಕೈ ತೊಳೆ, ಸಾಲ್ಮೊನೆಲ್ಲಾ ರೋಗಾಣು ಇವುಗಳಲ್ಲಿ ಸಾಮಾನ್ಯ. ಬೆರಳು ನಡುಗಿದರೆ, ದವಡೆ ಮೆತ್ತಗೆನಿಸಿದರೆ ನನಗೆ ಪತ್ರ ಬರೆಯುತ್ತ ಕೂರಬೇಡ, ಅಂದೇ ವೈದ್ಯರ ಬಳಿಗೆ ಕರೆದುಕೊಂಡು ಹೋಗು.

ಮುಂದಿನ ಪತ್ರದಲ್ಲಿ ನಾಲ್ಕು ವಾರದ ತೂಕ ಬರೆದು ಕಳುಹಿಸು. ಅದು ಮೊದಲ ಬಾರಿಗೆ ತಾನಾಗಿ ಎಲೆ ತಿಂದ ದಿನ ಮಾತ್ರ ಪತ್ರಕ್ಕೆ ಕಾಯದೆ ಫೋನ್ ಮಾಡು.

ಇಂತಿ,
ನಿನ್ನ ಸೋದರಮಾವ