ಒಲವು ಅಳೆಯುವ ಮೊದಲು ಪಹಣಿ ಯಾರ ಹೆಸರಲ್ಲಿದೆ ಕೇಳಿ

ಮಾನ್ಯರೆ,

ಯುವಜನರಿಗೆ ಬೇಸಾಯದ ಮೇಲೆ ಎಷ್ಟು ಒಲವಿದೆ ಅಂತ ಕೃಷಿ ವಿಶ್ವವಿದ್ಯಾಲಯಗಳ ವಿಸ್ತರಣಾ ವಿಭಾಗದವರು ಅಧ್ಯಯನ ಮಾಡುತ್ತಲೇ ಇರುತ್ತಾರೆ. ನಮ್ಮೂರಿಗೂ ವಿದ್ಯಾರ್ಥಿಗಳು ಬಂದಿದ್ದರು. ಒಳ್ಳೆಯ ಹುಡುಗರು, ತಾಳ್ಮೆಯಿಂದ ಕೇಳಿ ಬರೆದುಕೊಂಡರು. ‘ಕೃಷಿ ಗೌರವದ ಕೆಲಸ’ ಅನ್ನುವುದನ್ನು ಪೂರ್ತಿ ಒಪ್ಪುತ್ತೀರಾ, ಸುಮಾರಾಗಿ ಒಪ್ಪುತ್ತೀರಾ, ಸುತರಾಂ ಒಪ್ಪುವುದಿಲ್ಲವಾ, ಹೀಗೆ. ಜಮೀನು ಎಷ್ಟಿದೆ ಅಂತಲೂ ಕೇಳಿದರು. ಜಮೀನಿನ ದಾಖಲೆಯಾದ ಪಹಣಿ ಯಾರ ಹೆಸರಲ್ಲಿದೆ ಅಂತ ಮಾತ್ರ ಕೇಳಲಿಲ್ಲ.

ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ನನ್ನ ವಯಸ್ಸಿನ ಬಹಳ ಹುಡುಗರು ಉಳುತ್ತಿರುವುದು ಅಪ್ಪನ ಹೆಸರಿನ ಜಮೀನು. ಕೆಲವರದು ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇದೆ, ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆಯೇ ಆಗಿಲ್ಲ. ಬೆಳೆ ಸಾಲ, ಬೆಳೆ ವಿಮೆ, ಹನಿ ನೀರಾವರಿ ಸಹಾಯಧನ, ಯಾವುದಕ್ಕೆ ಹೋದರೂ ಮೊದಲು ಪಹಣಿ, ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಕೇಳುತ್ತಾರೆ. ಗದ್ದೆಯಲ್ಲಿ ದುಡಿಯುವವನು ಮಗ, ದಾಖಲೆಯಲ್ಲಿ ರೈತ ಅಪ್ಪ. ಕಬ್ಬು ಬಿಟ್ಟು ಒಂದೆಕರೆಗೆ ತರಕಾರಿ ಹಾಕೋಣ ಅಂದರೆ ಮನೆಯಲ್ಲಿ ಜಗಳ. ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ನಾಟಿ, ಕಳೆ, ಹಸು ಎಲ್ಲ ನೋಡುವವರು ಅವರು. ಪಹಣಿಯಲ್ಲಿ ಅವರ ಹೆಸರಿಲ್ಲ, ಬಂದ ವಿದ್ಯಾರ್ಥಿಗಳು ಅವರನ್ನು ಮಾತಾಡಿಸಲೂ ಇಲ್ಲ.

ಬೇಸಾಯ ಯಾಕೆ ಬೇಡ ಅಂತ ಕಾರಣ ಕೇಳಿದಾಗ ಉತ್ತರ ಸಿಕ್ಕಿದೆ. 2003ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ದೇಶದ ಶೇ 40ರಷ್ಟು ರೈತರು, ಅವಕಾಶ ಸಿಕ್ಕರೆ ಬೇರೆ ಕೆಲಸ ಹಿಡಿಯುತ್ತೇವೆ ಅಂದಿದ್ದರು. ಲಾಭವಿಲ್ಲ ಅನ್ನುವುದೇ ಮುಖ್ಯ ಕಾರಣ. 2018-19ರ ಸಮೀಕ್ಷೆಯಲ್ಲಿ ರೈತ ಕುಟುಂಬದ ತಿಂಗಳ ಸರಾಸರಿ ಆದಾಯ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ ಬಂದದ್ದು 3,798, ಕೂಲಿ ಮತ್ತು ಸಂಬಳದಿಂದ 4,063. ಬೆಳೆಗಿಂತ ಕೂಲಿಯ ದುಡ್ಡೇ ಜಾಸ್ತಿ! ಬೆಂಗಳೂರಿನ ಬಸ್ ಹತ್ತುವ ಹುಡುಗ ಈ ಲೆಕ್ಕ ಹಾಕಿಯೇ ಹತ್ತುತ್ತಾನೆ. ಅವನಿಗೆ ಒಲವಿಲ್ಲ ಅಂತ ಬರೆದುಕೊಂಡರೆ ಅನ್ಯಾಯ ಅಲ್ವಾ?

ಮದುವೆಯ ವಿಷಯವೂ ಇದೆ. 2023ರ ಫೆಬ್ರವರಿಯಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಹುಡುಗರು ಹೆಣ್ಣು ಸಿಗಲಿ ಅಂತ ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ನಕ್ಕವರು ಬಹಳ ಜನ. ನನಗೆ ಸಂಕಟವಾಯಿತು. ರೈತನಿಗೆ ಮಗಳನ್ನು ಯಾಕೆ ಕೊಡುವುದಿಲ್ಲ ಅಂತ ಹೆಣ್ಣು ಹೆತ್ತವರನ್ನು, ಆ ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ಕೇಳಿದರೆ ಅದೇ ಒಂದು ದೊಡ್ಡ ಸಂಶೋಧನೆಯಾಗುತ್ತದೆ.

ಯುವಕರನ್ನು ಕೃಷಿಯಲ್ಲಿ ಉಳಿಸಲೆಂದೇ ಕೃಷಿ ವಿಜ್ಞಾನ ಕೇಂದ್ರಗಳ ಮೂಲಕ ‘ಆರ್ಯ’ ಯೋಜನೆ ನಡೆಯುತ್ತಿದೆ. ಅಣಬೆ, ಜೇನು, ಕೋಳಿ ಸಾಕಣೆಯ ತರಬೇತಿ ಖಂಡಿತ ಬೇಕು. ಆದರೆ ತರಬೇತಿ ಮುಗಿಸಿ ಬಂದವನು ಸಾಲಕ್ಕೆ ಹೋದರೆ ಮತ್ತೆ ಅಪ್ಪನ ಸಹಿಯೇ ಬೇಕಾಗುತ್ತದೆ. ಅಪ್ಪ ಬದುಕಿರುವಾಗಲೇ ಮಗ, ಮಗಳ ಹೆಸರಿಗೆ ಗೇಣಿ ಕರಾರು ಮಾಡಿಕೊಟ್ಟು, ಅದರ ಮೇಲೆ ಸಾಲ, ವಿಮೆ ಸಿಗುವ ಹಾಗೆ ಮಾಡಬಹುದಾ? ವಿಸ್ತರಣಾ ತಜ್ಞರು ಇಂಥದ್ದನ್ನು ಹುಡುಕಿ ಸರ್ಕಾರಕ್ಕೆ ಹೇಳಬೇಕು.

ಇನ್ನೊಂದು ಬೇಡಿಕೆ. ನಮ್ಮನ್ನು ಕೇಳಿ ಬರೆದ ಪ್ರಬಂಧ ಇಂಗ್ಲಿಷಿನಲ್ಲಿ ಗ್ರಂಥಾಲಯ ಸೇರುತ್ತದೆ. ಅದರ ನಾಲ್ಕು ಪುಟದ ಸಾರವನ್ನು ಕನ್ನಡದಲ್ಲಿ ಮಾಡಿ, ಸಮೀಕ್ಷೆ ನಡೆದ ಊರಿನ ಗ್ರಾಮಸಭೆಯಲ್ಲಿ ಓದಿ ಹೇಳುವುದನ್ನು ವಿಶ್ವವಿದ್ಯಾಲಯಗಳು ಕಡ್ಡಾಯ ಮಾಡಲಿ. ತಪ್ಪಿದ್ದರೆ ನಾವೇ ತಿದ್ದುತ್ತೇವೆ.

ಒಬ್ಬ ಯುವ ರೈತ,
ಮದ್ದೂರು ತಾಲ್ಲೂಕು