ಶುಭ ಶುಕ್ರವಾರ ಮನೆಯಲ್ಲೇ ಕಳೆಯುವ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಅಪ್ಪನಿಗೆ ಈ ಸಲ ಚರ್ಚ್‌ಗೆ ಹೋಗಲು ಆಗುವುದಿಲ್ಲ, ಗುಡ್ ಫ್ರೈಡೇ ದಿನ ಮನೆಯಲ್ಲೇ ಏನು ಮಾಡಬಹುದು ಎಂದು ಕೇಳಿದ್ದೀಯ. ಮೊಬೈಲ್‌ನಲ್ಲಿ ಆರಾಧನೆಯ ನೇರ ಪ್ರಸಾರ ಹಾಕಿಕೊಟ್ಟರೆ ಸಾಕಾ ಅಂತಲೂ ಬರೆದಿದ್ದೀಯ. ಹಾಕಿಕೊಡು, ತಪ್ಪೇನಿಲ್ಲ. ಲಾಕ್‌ಡೌನ್ ಹೊತ್ತಿನಲ್ಲಿ, 2020ರ ಏಪ್ರಿಲ್ 10ರ ಗುಡ್ ಫ್ರೈಡೇಯಂದು, ಎಷ್ಟೋ ದೇಶಗಳ ಕುಟುಂಬಗಳಿಗೆ ಅದೊಂದೇ ದಾರಿ ಇತ್ತು. ಆದರೆ ಅಷ್ಟಕ್ಕೇ ನಿಲ್ಲಿಸಬೇಡ. ಎಲ್ಲರೂ ಅಪ್ಪನ ಮಂಚದ ಸುತ್ತ ಕೂತು, ಯೇಸುವನ್ನು ಶಿಲುಬೆಗೇರಿಸಿದ ಆ ದಿನದ ಕಥೆಯನ್ನು ನಿಮ್ಮದೇ ದನಿಯಲ್ಲಿ ಗಟ್ಟಿಯಾಗಿ ಓದಿ.

ಓದುವುದೆಂದರೆ ಸಣ್ಣ ಕೆಲಸ ಅಂದುಕೊಳ್ಳಬೇಡ. 4ನೇ ಶತಮಾನದ ಕೊನೆಯ ಹೊತ್ತಿಗೆ ಎಗೇರಿಯಾ ಎಂಬ ಹೆಣ್ಣುಮಗಳು ಜೆರುಸಲೇಮಿಗೆ ಯಾತ್ರೆ ಹೋಗಿದ್ದಳು. ಅಲ್ಲಿ ಕಂಡದ್ದನ್ನು ಬರೆದಿಟ್ಟಿದ್ದಾಳೆ. ಆ ಶುಕ್ರವಾರ ಮಧ್ಯಾಹ್ನ 12ರಿಂದ 3ರವರೆಗೆ ಜನ ಬಯಲಲ್ಲಿ ನೆರೆದು ವಾಚನ ಕೇಳುತ್ತಿದ್ದರು, ಕೇಳುತ್ತಾ ಅಳುತ್ತಿದ್ದರು. ಯೇಸು ಶಿಲುಬೆಯ ಮೇಲಿದ್ದಾಗ ಕತ್ತಲೆ ಕವಿಯಿತು ಎಂದು ಸುವಾರ್ತೆಗಳು, ಅಂದರೆ ಯೇಸುವಿನ ಬದುಕನ್ನು ಹೇಳುವ ಬೈಬಲಿನ ಪುಸ್ತಕಗಳು, ಹೇಳುವುದೂ ಇದೇ ಹೊತ್ತನ್ನೇ. ನೀವೂ ಆ ಹೊತ್ತಿಗೇ ಕೂತರೆ ಒಳ್ಳೆಯದು.

ಯೋಹಾನನ ಸುವಾರ್ತೆಯ 18 ಮತ್ತು 19ನೇ ಅಧ್ಯಾಯ ತೆಗೆದುಕೊಳ್ಳಿ. ಎರಡೂ ಸೇರಿ 82 ವಚನ. ಅವಸರ ಮಾಡದೆ ಓದಿ. ಮಾತುಗಳನ್ನು ಹಂಚಿಕೊಳ್ಳಿ. ಒಬ್ಬರು ನಿರೂಪಣೆ, ಒಬ್ಬರು ಯೇಸುವಿನ ವಿಚಾರಣೆ ನಡೆಸಿದ ರೋಮನ್ ಅಧಿಪತಿ ಪಿಲಾತ, ಒಬ್ಬರು ಯೇಸುವಿನ ಶಿಷ್ಯ ಪೇತ್ರ. ಜನರ ಗುಂಪಿನ ಮಾತು ಬಂದಾಗ ಮಾತ್ರ ಎಲ್ಲರೂ ಒಟ್ಟಿಗೆ ಓದಬೇಕು. "ಶಿಲುಬೆಗೆ ಹಾಕಿಸು" ಎಂದು ನಿನ್ನ ಬಾಯಿಂದಲೇ, ನಿನ್ನ ಮಕ್ಕಳ ಬಾಯಿಂದಲೇ ಬರುತ್ತದೆ. ಹೇಳಲು ಕಷ್ಟವಾಗುತ್ತದೆ, ಆಗಲಿ. ಯಾರೋ ದುಷ್ಟರು ಎಂದೋ ಮಾಡಿದ್ದು ಅಂತ ದೂರ ನಿಂತು ನೋಡಲು ಆಮೇಲೆ ಆಗುವುದಿಲ್ಲ. ಆ ಗುಂಪು ಯೆಹೂದ್ಯರದ್ದು ಎಂದು ಈ ಕಥೆ ಹೇಳಿಕೊಂಡೇ ಅವರ ಮೇಲೆ ಶತಮಾನಗಟ್ಟಲೆ ದ್ವೇಷ ಕಾರಿದವರಿದ್ದಾರೆ. ಆ ಕೂಗಿನಲ್ಲಿ ನಮ್ಮ ದನಿಯೂ ಇದೆ ಎಂದು ಮಕ್ಕಳಿಗೆ ಈಗಲೇ ತಿಳಿಯಲಿ.

19ನೇ ಅಧ್ಯಾಯದ ಯೇಸುವಿನ ಮಾತುಗಳನ್ನು ಅಪ್ಪನಿಗೇ ಕೊಡು. ಅವರ ದನಿ ಕ್ಷೀಣವಾಗಿದೆ ಅಂದೆಯಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಆ ಅಧ್ಯಾಯದಲ್ಲಿ ಯೇಸು ಮಾತಾಡುವುದು ಬಹಳ ಕಡಿಮೆ. ನೀನು ಎಲ್ಲಿಂದ ಬಂದವನು ಎಂದು ಪಿಲಾತ ಕೇಳಿದಾಗ ಉತ್ತರವನ್ನೇ ಕೊಡುವುದಿಲ್ಲ. ಶಿಲುಬೆಯ ಮೇಲಂತೂ ನೀರಡಿಕೆಯಾಗಿದೆ ಎನ್ನುವುದು, ತೀರಿತು ಎನ್ನುವುದು, ಹೀಗೆ ಎರಡು ಮೂರು ತುಂಡು ಮಾತು ಅಷ್ಟೆ. ಅಪ್ಪ ನಡುವೆ ನಿಲ್ಲಿಸಿದರೆ ನಿಲ್ಲಿಸಲಿ. ನೀನು ಮುಂದೆ ಬಿದ್ದು ಓದಬೇಡ, ಕಾಯಿ.

ಅದೇ ಭಾಗದಲ್ಲಿ ಯೇಸು ತನ್ನ ತಾಯಿಯನ್ನು ಶಿಷ್ಯನಿಗೆ ಒಪ್ಪಿಸುತ್ತಾನೆ. ಆ ಗಳಿಗೆಯಿಂದಲೇ ಶಿಷ್ಯ ಆಕೆಯನ್ನು ತನ್ನ ಮನೆಗೆ ಕರೆದುಕೊಂಡ ಎಂದು ಯೋಹಾನ ಬರೆಯುತ್ತಾನೆ. ಅಷ್ಟು ನೋವಿನ ನಡುವೆ ಒಬ್ಬ ವಯಸ್ಸಾದ ತಾಯಿ ಇನ್ನು ಯಾರ ಮನೆಯಲ್ಲಿರಬೇಕು ಎಂಬ ಯೋಚನೆ! ನನಗೆ ಇಡೀ ಕಥೆಯಲ್ಲಿ ತುಂಬ ಹತ್ತಿರವಾದ ಜಾಗ ಇದು. ಈ ದಿನವನ್ನು ಮನೆಯಲ್ಲಿ ಆಚರಿಸಿದರೆ ಏನೋ ಕಡಿಮೆಯಾಯಿತು ಎಂದು ನನಗೆ ಅನ್ನಿಸದಿರುವುದೂ ಇದರಿಂದಲೇ.

ಉಪವಾಸದ ವಿಷಯ. ಅಪ್ಪ ಹಟ ಮಾಡಿದರೂ ಬೇಡ. ಮಾತ್ರೆ ತೆಗೆದುಕೊಳ್ಳುವವರು ಹಸಿದಿರಬಾರದು. ಕ್ಯಾಥೋಲಿಕ್ ಸಭೆಯಲ್ಲೂ ಉಪವಾಸದ ನಿಯಮ 18ರಿಂದ 59 ವರ್ಷದವರಿಗೆ ಮಾತ್ರ, ಕಾಯಿಲೆಯವರಿಗೆ ಇಲ್ಲ. ಅವರ ಪಾಲಿನ ಉಪವಾಸವನ್ನು ನೀನು ಮಾಡುತ್ತೇನೆ ಎಂದು ಹೇಳು, ಬಹುಶಃ ಒಪ್ಪುತ್ತಾರೆ.

ಪಕ್ಕದ ಮನೆಯ ಗೆಳೆಯನೂ ಬರುತ್ತೇನೆ ಅಂದಿದ್ದಾನಲ್ವಾ? ಬರಲಿ. ಬೇರೆ ಧರ್ಮದವನೆಂದು ಅವನಿಗೆ ಎಲ್ಲವನ್ನೂ ವಿವರಿಸಲು ಹೋಗಬೇಡ. ಸುಮ್ನೆ ಕೇಳಲಿ, ಇಷ್ಟವಿದ್ದರೆ ನಿರೂಪಣೆ ಓದಲಿ.

ಒಂದನ್ನು ಮಾತ್ರ ಮರೆಯಬೇಡ. ಯೇಸು ಪ್ರಾಣಬಿಟ್ಟಲ್ಲಿಗೇ ಪುಸ್ತಕ ಮುಚ್ಚಬೇಡಿ. ಇನ್ನೂ 12 ವಚನ ಇವೆ, ಜಾಸ್ತಿ ಜನ ಅವನ್ನು ಓಡಿಸಿಬಿಡುತ್ತಾರೆ. ಹೆದರಿ ಗುಟ್ಟಾಗಿ ಶಿಷ್ಯನಾಗಿದ್ದ ಅರಿಮಥಾಯದ ಯೋಸೇಫ ಈಗ ಪಿಲಾತನ ಬಳಿಯೇ ಹೋಗಿ ದೇಹ ಕೇಳುತ್ತಾನೆ. ಹಿಂದೊಮ್ಮೆ ರಾತ್ರಿ ಹೊತ್ತು ಯೇಸುವನ್ನು ಕಾಣಲು ಬಂದಿದ್ದ ನಿಕೊದೇಮ ಸುಗಂಧದ್ರವ್ಯ ಹೊತ್ತು ತರುತ್ತಾನೆ, ಇಂದಿನ ಲೆಕ್ಕದಲ್ಲಿ 30 ಕಿಲೋಗೂ ಹೆಚ್ಚು. ಇಬ್ಬರೂ ಸೇರಿ ಆ ದೇಹವನ್ನು ನಾರುಬಟ್ಟೆಯಲ್ಲಿ ಸುತ್ತುತ್ತಾರೆ. ದಿನವೂ ಅಪ್ಪನನ್ನು ಎತ್ತಿ ಕೂರಿಸುವ, ಮೈ ಒರೆಸುವ, ಬಟ್ಟೆ ಬದಲಿಸುವ ನಿನಗೆ ಆ ವಚನಗಳನ್ನು ಬೇರೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅವನ್ನು ನೀನೇ ಓದು.

ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು. ಆ ಮಧ್ಯಾಹ್ನ ನಾನೂ ಅದೇ ಎರಡು ಅಧ್ಯಾಯ ಓದುತ್ತಿರುತ್ತೇನೆ.

ಇಂತಿ,
ನಿನ್ನ ಗೆಳೆಯ